ಲೇಬಲ್ ಪ್ರಿಂಟಿಗೆ ಕೊಡುವ ಮೊದಲು

ಪುಟ್ಟೀ,

ನೀನು ಕಳಿಸಿದ ಲೇಬಲ್ಲಿನ ಫೋಟೋ ಮೊನ್ನೆಯಿಂದ ಎಷ್ಟು ಸಲ ನೋಡಿದೆನೋ. ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಹೊರಟಿದ್ದು ತುಂಬಾ ಖುಷಿ. ಆದರೆ ಪ್ರಿಂಟಿಗೆ ಈಗಲೇ ಕೊಡಬೇಡ, ಸ್ವಲ್ಪ ತಡಿ.

ಮೊದಲು ಅಕ್ಷರ. 'ಅಪ್ಪೆಮಿಡಿ' ಅಂತ ದಪ್ಪಗೆ ಹಾಕಿದ್ದೀಯಲ್ಲ, ಆ 'ಪ್ಪೆ'ಯ ಒತ್ತು ನೋಡು, ಕೆಳಗಿನ ಸಾಲಿನ 'ಉಪ್ಪಿನಕಾಯಿ'ಯ ಗುಡಿಸಿಗೆ ಹೋಗಿ ಬಡಿದಿದೆ. ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಕನ್ನಡದ ಸಾಲುಗಳು ಉಸಿರಾಡುವುದಿಲ್ಲ. ಹಿಂದೆ ಸಣ್ಣಕ್ಷರದಲ್ಲಿ 'ಪದಾರ್ಥಗಳು' ಅಂತ ಇದೆ, ಅದೂ ಅದೇ ದಪ್ಪ ಫಾಂಟು. ಶಾಯಿ ಹರಡಿ 'ಥ'ದ ಚುಕ್ಕೆ ಮುಚ್ಚಿಹೋಗುತ್ತದೆ, ಓದುವವರಿಗೆ 'ಧ' ಕಾಣುತ್ತದೆ. ಹೆಸರಿಗೆ 'ಬಾಲೂ ತಮ್ಮ' ಫಾಂಟೇ ಇರಲಿ, ದುಂಡಗೆ ಚೆನ್ನಾಗಿದೆ. ಸಣ್ಣಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಹಾಕು. ಎರಡೂ ಪುಕ್ಕಟೆ ಸಿಗುತ್ತವೆ. ಮೂರನೇ ಫಾಂಟು ಬೇಡವೇ ಬೇಡ.

ಬಣ್ಣದ ವಿಷಯ. ಮಿಡಿ ಹಸಿರು ಅಂತ ಇಡೀ ಲೇಬಲ್ ಕಡುಹಸಿರು ಮಾಡಿದ್ದೀಯ, ಆದರೆ ಬಾಟಲಿಯೊಳಗೆ ಕಾಣುವುದು ಖಾರದ ಕೆಂಪು ಅಲ್ವಾ? ಆ ಕೆಂಪೇ ನಿನ್ನ ಬಣ್ಣ. ಕೆನೆಬಣ್ಣದ ಲೇಬಲ್ ಮೇಲೆ ಕಡುಗೆಂಪು ಅಕ್ಷರ ಹಾಕಿ, ಹಸಿರನ್ನು ತೊಟ್ಟಿಗೆ, ಎಲೆಗೆ ಮಾತ್ರ ಬಿಡು. ಈಗಿರುವ ಹಾಗೆ ಇಟ್ಟರೆ ಸಸ್ಯಾಹಾರದ ಹಸಿರು ಚುಕ್ಕೆಯೂ ಹಸಿರೊಳಗೇ ಮುಳುಗುತ್ತದೆ. ಅದು ಎದ್ದು ಕಾಣಲೇಬೇಕು, ಕಾನೂನು. ಮೊಬೈಲಿನಲ್ಲಿ ಮಿಂಚುವ ಹಸಿರು ಕಾಗದದ ಮೇಲೆ ಅಷ್ಟು ಮಿಂಚುವುದೂ ಇಲ್ಲ, ಪರದೆ ಬೆಳಕು, ಕಾಗದ ಶಾಯಿ.

ನಾನು ಶಿರಸಿಯಲ್ಲಿ ಪ್ರೆಸ್ಸು ನಡೆಸುತ್ತಿದ್ದಾಗ ಜೇನುತುಪ್ಪದ ಬಾಟಲಿಗೆ ಬಿಳಿ ಮೇಲೆ ಹಳದಿ ಅಕ್ಷರದ 2,000 ಲೇಬಲ್ ಹೊಡೆದುಕೊಟ್ಟಿದ್ದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹೆಸರೇ ಕಾಣಲಿಲ್ಲ. ಪಾಪ, ಲೇಬಲ್ ಮಾಡಿಸಿದವರು ಒಂದು ಮಾತೂ ಆಡದೆ ಪೂರ್ತಿ ದುಡ್ಡು ಕೊಟ್ಟರು. ಬೇಡ ಅಂತ ಮೊದಲೇ ಹೇಳಬೇಕಾಗಿತ್ತು ನಾನು. ಅದು ಈಗಲೂ ಚುಚ್ಚುತ್ತದೆ, ಅದಕ್ಕೇ ನಿನಗೆ ಇಷ್ಟೆಲ್ಲ ಹೇಳುತ್ತಿದ್ದೇನೆ.

ಒಂದೇ ಒಂದು ಪ್ರತಿ ತೆಗೆಸಿ ಬಾಟಲಿಗೆ ಅಂಟಿಸು. ಅಡುಗೆಮನೆಯ ಕಪಾಟಿನಲ್ಲಿ ಬೇರೆ ಡಬ್ಬಿಗಳ ಮಧ್ಯೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡು, ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಲ್ಲಿ ಜನ ನೋಡುವುದು ಅಷ್ಟು ದೂರದಿಂದಲೇ. ಅಜ್ಜಿಯ ಹತ್ತಿರ ಕನ್ನಡಕ ಇಲ್ಲದೆ ಓದಿಸು. ಆಮೇಲೆ ಎಣ್ಣೆಗೈಯಲ್ಲಿ ಒಮ್ಮೆ ಒರೆಸು. ಅಕ್ಷರ ಅಳಿಸಿದರೆ ಲ್ಯಾಮಿನೇಷನ್ ಬೇಕು, ಅದಕ್ಕೆ ದುಡ್ಡು ಕಡಿಮೆ ಬಿದ್ದರೆ ನಾನಿದ್ದೇನೆ.

ನಿನ್ನ ದೊಡ್ಡಪ್ಪ