ಕೂಳೂರು ಸೇತುವೆಯಲ್ಲಿ ಲಾರಿ ನಿಂತರೆ

ಕಾವೂರು, ಮಂಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಹೆದ್ದಾರಿ ಬಂದ್ ಆದಾಗಿನ ಸಂಚಾರವನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ನಿನ್ನ ಪ್ರಾಜೆಕ್ಟಿಗೆ ದುಡ್ಡಿನ ಸಾಫ್ಟ್‌ವೇರ್ ವಿಸ್ಸಿಮ್ ಬೇಕಾ, ಪುಕ್ಕಟೆಯ ಸುಮೋ ಸಾಕಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದು ಆಮೇಲಿನ ಮಾತು ಮಾರಾಯ್ತಿ. ಹೆದ್ದಾರಿಯಲ್ಲಿ ಅಪಘಾತವಾದಾಗ ಯಾರು, ಎಷ್ಟು ನಿಮಿಷದೊಳಗೆ, ಏನು ತೀರ್ಮಾನಿಸಬೇಕು? ಮೊದಲು ಅದನ್ನು ಬರೆದಿಟ್ಟುಕೋ.

ಕೂಳೂರು ಸೇತುವೆಯಲ್ಲಿ ಲಾರಿಯೊಂದು ಆಕ್ಸಲ್ ಮುರಿದು ನಿಂತಿತು ಅಂತಿಟ್ಟುಕೋ. ಎರಡು ಲೇನಿನಲ್ಲಿ ಒಂದು ಬಂದ್. ಅರ್ಧ ಉಳಿಯಿತಲ್ಲ ಅನ್ನುತ್ತೀ. ಅಮೆರಿಕದವರ ಹೈವೇ ಕೆಪಾಸಿಟಿ ಮ್ಯಾನ್ಯುಯಲ್ ಲೆಕ್ಕದಲ್ಲಿ ಉಳಿಯುವುದು ಶೇ. 35 ಮಾತ್ರ, ಪಕ್ಕದಲ್ಲಿ ಹೋಗುವವರೂ ನಿಧಾನ ಮಾಡಿ ಇಣುಕುತ್ತಾರಲ್ಲ! ಗಂಟೆಗೆ 4,000 ವಾಹನ ತಾಳುವ ರಸ್ತೆಗೆ 3,000 ಬರುತ್ತಿದ್ದರೆ ದಾಟುವುದು 1,400. ಅರ್ಧ ಗಂಟೆಯಲ್ಲಿ 800 ವಾಹನಗಳ ಸಾಲು. ಲಾರಿ ಎಳೆದ ಮೇಲೂ ಗಂಟೆಗೆ ಕರಗುವುದು ಸಾಲಿನ 1,000 ವಾಹನ ಮಾತ್ರ, ಹಾಗಾಗಿ ಇನ್ನೂ 48 ನಿಮಿಷ. ಕ್ರೇನ್ ಹತ್ತು ನಿಮಿಷ ಮುಂಚೆ ಬಂದಿದ್ದರೆ 32. ಇದಕ್ಕೆ ಪೆನ್ಸಿಲ್ ಸಾಕು.

ಸಾಲಿನ ಬಾಲ ಹಿಂದಿನ ಪಣಂಬೂರು ಮುಟ್ಟುವುದು ಯಾವಾಗ ಅಂತ ಪೊಲೀಸರು ಕೇಳಿದರೆ ಸಂಚಾರ ಸಂಶೋಧಕ ಡಗಾಂಜೋ 1994ರಲ್ಲಿ ಕೊಟ್ಟ ಸೆಲ್ ಟ್ರಾನ್ಸ್‌ಮಿಶನ್ ಮಾದರಿ ನೋಡು. ರಸ್ತೆಯನ್ನು ತುಂಡು ಮಾಡಿ ವಾಹನಗಳನ್ನು ನೀರಿನಂತೆ ಹರಿಸುತ್ತದೆ, ಉತ್ತರ ಚಕ್ಕನೆ ಸಿಗುತ್ತದೆ. ವಾಹನಗಳನ್ನು ಕಾವೂರು, ಮರವೂರು ಕಡೆ ತಿರುಗಿಸೋಣವೇ ಅಂದರೆ ಮಾತ್ರ ಮೀಸೋಸ್ಕೋಪಿಕ್, ಅಂದರೆ ಮಧ್ಯಮ ವಿವರದ ಮಾದರಿ ಬೇಕು, ಯಾರು ಯಾವ ದಾರಿ ಹಿಡಿಯುತ್ತಾರೆ ಎಂಬುದು ಅದರಲ್ಲಿದೆ. (ಮರವೂರು ಸೇತುವೆ 2021ರಲ್ಲಿ ಕುಸಿದಿತ್ತು. ನಕ್ಷೆಯಲ್ಲಿ ಗೆರೆ ಎಳೆಯುವ ಮುಂಚೆ ಇಂಥದ್ದನ್ನೆಲ್ಲ ವಿಚಾರಿಸು. ತಿರುಗಿಸಿದ ಲಾರಿಗಳು ಬಂದು ಬೀಳುವುದು ನಮ್ಮ ಮನೆ ಬಾಗಿಲಿಗೇ!)

ನಾನೊಮ್ಮೆ ಮುಗ್ಗರಿಸಿದ್ದೇನೆ. ಒಂದು ಕಚೇರಿಗಾಗಿ ಮೂರು ತಿಂಗಳು ಕೂತು ಇಡೀ ಹೆದ್ದಾರಿಯನ್ನು ಮೈಕ್ರೋ ಮಾದರಿಯಲ್ಲಿ, ಅಂದರೆ ಒಂದೊಂದು ವಾಹನವನ್ನೂ ಬೇರೆ ಬೇರೆಯಾಗಿ ಓಡಿಸುವ ಹಾಗೆ, ಕಟ್ಟಿದೆ. ಪರದೆಯಲ್ಲಿ ಪುಟ್ಟ ಬಸ್ಸುಗಳು ಓಡುವುದನ್ನು ನೋಡಿ ಸಾಹೇಬರಿಗೆ ಭಾರೀ ಖುಷಿ. ನನಗೆ ಕಂಡದ್ದು ಬೇರೆ: ಬೈಕಿನವರೆಲ್ಲ ಕೆಟ್ಟ ಲಾರಿಯ ಹಿಂದೆ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದರು. ನಮ್ಮೂರಲ್ಲಿ ಯಾರು ಹಾಗೆ ನಿಲ್ಲುತ್ತಾರೆ? ಕನ್ನಡಿ ಮಡಚಿ, ಹ್ಯಾಂಡಲ್ ಓರೆ ಮಾಡಿ, ಕಾಲೂರಿಕೊಂಡು ನುಸುಳುತ್ತಾರೆ. ಅದೊಂದರಿಂದಲೇ ನನ್ನ ಸಾಲಿನ ಉದ್ದವೆಲ್ಲ ಸುಳ್ಳಾಯಿತು. ಅಮೆರಿಕದ ಆ 35 ಕೂಡ ಇಲ್ಲಿ ಹಾಗೇ ನಿಲ್ಲುವುದಿಲ್ಲ.

ಹಾಗಾಗಿ ಮೈಕ್ರೋ ಬೇಕಿದ್ದರೆ ಸೇತುವೆಯ ಹತ್ತಿರಕ್ಕಷ್ಟೇ ಇಟ್ಟುಕೋ. ಸುಮೋದಲ್ಲಿ ಸಬ್‌ಲೇನ್ ಮಾದರಿ ಇದೆ, ಅದರಲ್ಲಿ ಒಂದೇ ಲೇನಿನೊಳಗೆ ಬೈಕುಗಳು ಪಕ್ಕಪಕ್ಕ ಹೋಗಬಹುದು, ದುಡ್ಡೂ ಬೇಡ. ಒಂದೇ ಸಲ ಓಡಿಸಿ ನಂಬಬೇಡ, ಸೀಡ್, ಅಂದರೆ ವಾಹನಗಳು ಬರುವ ಯಾದೃಚ್ಛಿಕತೆಯನ್ನು ಶುರುಮಾಡುವ ಸಂಖ್ಯೆ, ಬದಲಿಸುತ್ತಾ ಹತ್ತು ಸಲ ಓಡಿಸು.

ಶನಿವಾರ ಸಂಜೆ ಬಾ, ಕೂಳೂರಿನಲ್ಲಿ ನಿಂತು ಬೈಕು ಎಣಿಸುವ. ದೊಡ್ಡಮ್ಮ ಪತ್ರೊಡೆ ಮಾಡುತ್ತಾಳಂತೆ.

ಇಂತಿ,
ದೊಡ್ಡಪ್ಪ