ಟ್ರಾಯ್ ಅಧ್ಯಕ್ಷರೇ, ಕಂಪನಿಯವರ ಜೊತೆ ಏನು ಮಾತಾಡಿದಿರಿ?

ಮಾನ್ಯ ಅಧ್ಯಕ್ಷರಿಗೆ,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ನವದೆಹಲಿ.

ನಮಸ್ಕಾರ. ನಾನು ಕೇಳುವುದು ಒಂದೇ. ಟೆಲಿಕಾಂ ಕಂಪನಿಯವರು ನಿಮ್ಮನ್ನೋ ನಿಮ್ಮ ಅಧಿಕಾರಿಗಳನ್ನೋ ಭೇಟಿಯಾದಾಗಲೆಲ್ಲ ಯಾರು ಬಂದರು, ಯಾವ ವಿಷಯ ಮಾತಾಡಿದರು, ಯಾವ ಕಾಗದ ಕೊಟ್ಟು ಹೋದರು ಎಂಬುದನ್ನು ಎರಡು ದಿನದೊಳಗೆ ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ.

ಬರೆದು ಏನಾಗುತ್ತೆ ಅಂತ ಇಷ್ಟು ವರ್ಷ ಸುಮ್ನಿದ್ದೆ. ಈ ಮಳೆಗಾಲದಲ್ಲಿ ನಡೆದದ್ದನ್ನು ನೋಡಿದ ಮೇಲೆ ಆಗಲಿಲ್ಲ.

ನಾವಿರುವ ಕಡೆ ಒಂದೇ ಕಂಪನಿಯ ಟವರ್. ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ ಅಂತ ಬುದ್ಧಿ ಹೇಳುವವರು ಬಹಳ ಜನ. ಪೋರ್ಟ್ ಮಾಡಿಸೋಕೆ ಇನ್ನೊಂದು ಟವರ್ ಇರಬೇಕಲ್ವಾ? ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ಇದ್ದ ಟವರೂ ಮಲಗುತ್ತದೆ. ಬ್ಯಾಟರಿ ಹಳೆಯದು, ಜನರೇಟರಿಗೆ ಡೀಸೆಲ್ ಹಾಕುವವರಿಲ್ಲ. ಮಳೆ ಹಿಡಿದರೆ ನಮ್ಮ ಫೋನು ಟಾರ್ಚ್ ಹಾಕೋಕಷ್ಟೇ. ಒಂದು ರಾತ್ರಿ ಅಮ್ಮನಿಗೆ ಉಸಿರಾಟದ ತೊಂದರೆ ಶುರುವಾಯಿತು. 108ಕ್ಕೆ ಕರೆ ಹೋಗಲಿಲ್ಲ. ಅಮ್ಮನನ್ನು ತಂಗಿಯ ಹತ್ತಿರ ಬಿಟ್ಟು, ಸುರಿಯುವ ಮಳೆಯಲ್ಲಿ ಬೈಕ್ ತೆಗೆದುಕೊಂಡು, ಗುಡ್ಡದ ಆಚೆ ಒಂದು ಗೆರೆ ಸಿಗ್ನಲ್ ಸಿಕ್ಕಿದ ಕಡೆ ನಿಂತು ಆಂಬುಲೆನ್ಸ್ ಕರೆಯಬೇಕಾಯಿತು. ಅಮ್ಮ ಈಗ ಹುಷಾರಾಗಿದ್ದಾರೆ. ಅದು ಕಂಪನಿಯ ದಯೆಯಿಂದ ಅಲ್ಲ.

ದೂರು ಕೊಟ್ಟೆ. ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬಂತು. ಆಮೇಲೆ ಟವರ್ ಪೂರ್ತಿ ಸತ್ತು ಬಿದ್ದಿದ್ದ ದಿನವೇ ಕಂಪನಿ ನನಗೊಂದು ಮೆಸೇಜ್ ಕಳಿಸಿದೆ. ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಇದು ನನಗೆ ತಲುಪಿದ್ದು ಯಾವುದೋ ಕೆಲಸಕ್ಕೆ ತಾಲ್ಲೂಕು ಕೇಂದ್ರಕ್ಕೆ ಹೋದಾಗ. ದೂರು ಬಗೆಹರಿದ ಸುದ್ದಿ ಓದೋಕೂ ನಾನು ಬಸ್ ಹತ್ತಬೇಕಾಯಿತು ನೋಡಿ.

ಮೇಲ್ಮನವಿ ಹಾಕಿದೆ. 2012ರ ನಿಮ್ಮ ನಿಯಮಾವಳಿ ನಿಮಗೆ ಗೊತ್ತೇ ಇದೆ. ಮೇಲ್ಮನವಿ ಕೇಳುವವರನ್ನು ನೇಮಿಸುವುದೂ ಅದೇ ಕಂಪನಿ. ಅತ್ತೆಯ ಮೇಲಿನ ದೂರನ್ನು ಅತ್ತೆಯ ಹತ್ತಿರವೇ ಹೇಳಿಕೊಂಡ ಹಾಗೆ. ಉತ್ತರ ಬಂತು: ಕವರೇಜ್ ನಕ್ಷೆಯ ಪ್ರಕಾರ ನಿಮ್ಮ ಜಾಗದಲ್ಲಿ 4ಜಿ ಇದೆ. ಹೌದು ಸ್ವಾಮಿ, ನಕ್ಷೆಯಲ್ಲಿ ಇದೆ. ನಕ್ಷೆ ಪ್ರಕಟಿಸಬೇಕು ಅಂತ 2024ರಲ್ಲಿ ನಿಯಮ ಮಾಡಿದವರು ನೀವೇ. ಒಳ್ಳೆಯ ನಿಯಮ. ಆದರೆ ಬಣ್ಣ ಹಚ್ಚುವ ಬ್ರಷ್ ಕಂಪನಿಯ ಕೈಯಲ್ಲೇ ಇದೆ.

ಟ್ರಾಯ್‌ಗೇ ಬರೆಯೋಣ ಅಂದರೆ ಒಬ್ಬೊಬ್ಬ ಗ್ರಾಹಕನ ದೂರನ್ನು ನೀವು ವಿಚಾರಿಸುವುದಿಲ್ಲ. ಕಾನೂನು ನಿಮಗೆ ಆ ಕೆಲಸ ಕೊಟ್ಟಿಲ್ಲ, ಸರಿ. ಅಂದರೆ ನಿಮ್ಮ ಎದುರು ಕುಳಿತು ಕಷ್ಟ ಹೇಳಿಕೊಳ್ಳುವ ದಾರಿ ನನಗಿಲ್ಲ. ಕಂಪನಿಗೆ ಇದೆ. ಅದೇ ನನ್ನ ತಕರಾರು ಅಂದುಕೊಳ್ಳಬೇಡಿ. ನಿಯಂತ್ರಿಸುವವರು ಕಂಪನಿಯವರ ಜೊತೆ ಮಾತಾಡಲೇಬೇಕು. ಏನು ಮಾತಾಯಿತು ಅಂತ ನಮಗೂ ಗೊತ್ತಾಗಲಿ ಅಷ್ಟೇ.

ನಿಯಮ ಮಾಡುವ ಮುಂಚೆ ನೀವು ಸಮಾಲೋಚನಾ ಪತ್ರ ಹೊರಡಿಸುತ್ತೀರಿ, ಅಭಿಪ್ರಾಯ ಕೇಳುತ್ತೀರಿ, ಬಂದದ್ದನ್ನು ಪ್ರಕಟಿಸುತ್ತೀರಿ, ಓಪನ್ ಹೌಸ್ ಚರ್ಚೆ ಮಾಡುತ್ತೀರಿ. ಇದನ್ನು ಮೆಚ್ಚಲೇಬೇಕು. 2015ರಲ್ಲಿ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ಟಿನಲ್ಲಿ ಎಲ್ಲ ವೆಬ್‌ಸೈಟಿಗೂ ಒಂದೇ ನ್ಯಾಯ ಅನ್ನೋದು) ಬಗ್ಗೆ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಬಂದಾಗ ನಿಮ್ಮ ಸಂಸ್ಥೆ ಬರೆದವರ ಇಮೇಲ್ ವಿಳಾಸ ಸಮೇತ ಎಲ್ಲವನ್ನೂ ವೆಬ್‌ಸೈಟಿಗೆ ಹಾಕಿತ್ತು. ಸ್ಪ್ಯಾಮ್ ತಡೆಯಬೇಕಾದ ಸಂಸ್ಥೆ! ಅದು ನಿಮ್ಮ ಅವಧಿಯಲ್ಲಿ ಆದದ್ದಲ್ಲ, ಗೊತ್ತು. ಆದರೂ ಕೇಳುತ್ತೇನೆ. ಸಾಮಾನ್ಯರ ವಿಳಾಸವನ್ನೂ ಮುಚ್ಚಿಡದ ಸಂಸ್ಥೆಗೆ ಕಂಪನಿ ಭೇಟಿಗಳ ಪಟ್ಟಿ ಹಾಕೋಕೆ ಏನು ಕಷ್ಟ? ಕೆಲವು ಸಭೆಗಳಾದ ಮೇಲೆ ಪತ್ರಿಕಾ ಪ್ರಕಟಣೆ ಬರುತ್ತದೆ, ನಿಜ. ಫಲಪ್ರದ ಚರ್ಚೆ ನಡೆಯಿತು ಅನ್ನೋ ಧಾಟಿಯ ನಾಲ್ಕು ಸಾಲು ನಮಗೆ ಬೇಡ. ಯಾರು, ಏನು, ಯಾವ ಕಾಗದ, ಅದು ಬೇಕು.

ಕಾಲ್ ಡ್ರಾಪ್ ಕಥೆ ನೆನಪಿರಬೇಕು. ಕಡಿದುಹೋದ ಪ್ರತಿ ಕರೆಗೆ ಕಂಪನಿ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು, ಕೊಡಬೇಕು ಅಂತ ನೀವು ನಿಯಮ ಮಾಡಿದಿರಿ. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 2016ರ ಮೇ ತಿಂಗಳಲ್ಲಿ ಆ ನಿಯಮ ಬಿದ್ದುಹೋಯಿತು. ಅದು ಪಾರದರ್ಶಕವಾಗಿಲ್ಲ ಅನ್ನೋದೂ ಕೋರ್ಟ್ ಕೊಟ್ಟ ಕಾರಣಗಳಲ್ಲಿ ಒಂದು. ಟ್ರಾಯ್ ಕಾಯ್ದೆಯ 11ನೇ ಸೆಕ್ಷನ್ನಿನ 4ನೇ ಉಪವಿಧಿ ನೀವು ಪಾರದರ್ಶಕವಾಗಿ ಕೆಲಸ ಮಾಡಬೇಕು ಅನ್ನುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅದನ್ನು ಹಿಡಿದು ಕಂಪನಿಗಳು ನಮ್ಮ ಒಂದು ರೂಪಾಯಿ ಉಳಿಸಿಕೊಂಡವು. ಅದೇ ಉಪವಿಧಿ ಹಿಡಿದು ನಾವು ಕೇಳಿದರೆ ತಪ್ಪೇ?

ಎರಡು ದಿನ ಅನ್ನೋದೂ ನಾನು ಕನಸು ಕಂಡು ಹೇಳಿದ್ದಲ್ಲ. ಅಮೆರಿಕದ ದೂರಸಂಪರ್ಕ ಆಯೋಗದ ಮುಂದಿರುವ, ನಿಯಮ ಮಾಡುವಂಥ ವಿಷಯದ ಬಗ್ಗೆ ಯಾರಾದರೂ ಅಧಿಕಾರಿಗಳ ಜೊತೆ ಖಾಸಗಿಯಾಗಿ ಮಾತಾಡಿದರೆ, ಸಾಮಾನ್ಯವಾಗಿ ಎರಡು ಕೆಲಸದ ದಿನದೊಳಗೆ ಅದರ ವಿವರವನ್ನು ಸಾರ್ವಜನಿಕ ಕಡತಕ್ಕೆ ಸೇರಿಸಬೇಕು. ಬರೆಯುವ ಕೆಲಸವೂ ಭೇಟಿಗೆ ಹೋದವರದೇ. ನಿಮ್ಮ ಗುಮಾಸ್ತರಿಗೆ ಹೊರೆ ಅನ್ನೋ ಹಾಗೂ ಇಲ್ಲ.

ಇದೆಲ್ಲ ಯಾಕೆ ಬೇಕು ಅಂದರೆ ನಂಬಿಕೆ ಹೋಗಿದೆ. 2024ರ ಜೂನ್ ಕೊನೆಗೆ ಎರಡೇ ದಿನಗಳಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸುವುದಾಗಿ ಹೇಳಿದವು. ಜುಲೈ 3 ಮತ್ತು 4ರಂದು ಏರಿಸಿಯೂ ಬಿಟ್ಟವು. ಒಳಒಪ್ಪಂದ ಇತ್ತು ಅಂತ ನಾನು ಹೇಳುತ್ತಿಲ್ಲ, ನನ್ನ ಹತ್ತಿರ ಪುರಾವೆ ಇಲ್ಲ. ದರ ಮಾರುಕಟ್ಟೆಗೆ ಬಿಟ್ಟದ್ದು ಅನ್ನುತ್ತೀರಿ. ಒಂದೇ ಟವರ್ ಇರುವ ಕಡೆ ಯಾವ ಮಾರುಕಟ್ಟೆ ಸ್ವಾಮಿ? 28 ದಿನಕ್ಕೊಂದು ರೀಚಾರ್ಜ್ ಲೆಕ್ಕದಲ್ಲಿ ವರ್ಷಕ್ಕೆ 13 ಸಲ ದುಡ್ಡು ಕಟ್ಟುವ ಜನ ಅನುಮಾನ ಪಡುವುದು ಸಹಜ. ಮುಚ್ಚಿದ ಕೋಣೆಯಲ್ಲಿ ಏನೂ ನಡೆದಿಲ್ಲದಿದ್ದರೆ ತೋರಿಸೋಕೆ ಹೆದರಿಕೆ ಏಕೆ?

ವ್ಯಾಪಾರದ ಗುಟ್ಟು ಅಂತ ಕಂಪನಿಯವರು ಹೇಳಬಹುದು. ನಿಜವಾದ ಗುಟ್ಟಿದ್ದರೆ ಆ ಸಾಲಿಗೆ ಮಸಿ ಬಳಿಯಿರಿ. ಭೇಟಿಯೇ ಗುಟ್ಟಾಗುವುದು ಹೇಗೆ?

ಆದ್ದರಿಂದ ಮತ್ತೆ ಕೇಳುತ್ತೇನೆ. ಪ್ರತಿಯೊಂದು ಭೇಟಿ, ಬಂದವರ ಹೆಸರು, ವಿಷಯ, ಕೊಟ್ಟ ಕಾಗದ, ಎರಡು ದಿನದೊಳಗೆ. ಹೊಸ ಕಾನೂನಿಗೆ ಕಾಯಬೇಡಿ, ನಿಮ್ಮ ಒಂದು ಆದೇಶದಿಂದಲೇ ಶುರು ಮಾಡಿ. ಈ ಪತ್ರವನ್ನೂ ವೆಬ್‌ಸೈಟಿಗೆ ಹಾಕಿ, ನನ್ನ ಅಡ್ಡಿಯಿಲ್ಲ. ಇಮೇಲ್ ವಿಳಾಸ ಮಾತ್ರ ಅಳಿಸಿ ಹಾಕಿ.

ಇಂತಿ,
ಒಬ್ಬ ಪ್ರೀಪೇಯ್ಡ್ ಗ್ರಾಹಕ