ಗಾಡಿ ನೋಡದೆ ಇನ್ನು ರಿಮ್, ಟೈರ್ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಫೋನಿನಲ್ಲಿ ಸೈಜ್ ಕೇಳಿಕೊಂಡು ರಿಮ್, ಟೈರ್ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಗಾಡಿ ಹೊಸದರಲ್ಲಿ ಬಂದ ಸೈಜೇ ಬೇಕು ಅನ್ನುವವರಿಗೆ ಏನೂ ಬದಲಾಗಿಲ್ಲ. ಮೊದಲಿನ ಹಾಗೆ ಒಂದು ಫೋನ್ ಸಾಕು. ಸೈಜ್ ದೊಡ್ಡದು ಮಾಡುವುದಿದ್ದರೆ, ಅಥವಾ ರಿಮ್ ಬದಲಿಸುವುದಿದ್ದರೆ, ಗಾಡಿ ಮೊದಲು ನಮ್ಮಲ್ಲಿಗೆ ಬರಬೇಕು. ಅಳತೆ ತೆಗೆಯುತ್ತೇವೆ, ಒಂದು ಚಕ್ರ ಹಾಕಿ ನೋಡುತ್ತೇವೆ, ಆಮೇಲೆ ಆರ್ಡರ್. ಈ ಕೆಲಸಕ್ಕೆ ಶುಲ್ಕ ಇದೆ. ನಮ್ಮಲ್ಲೇ ಕೊಂಡರೆ ಅಷ್ಟನ್ನೂ ಬಿಲ್ಲಿನಲ್ಲಿ ಕಳೆಯುತ್ತೇವೆ.

ನಮ್ಮನ್ನು ಮೊದಲಿನಿಂದ ಬಲ್ಲವರಿಗೆ ಇದು ಬೇಜಾರು ತರಿಸಿದೆ ಅಂತ ಗೊತ್ತು. ಕೆಲವರಿಗೆ ಈ ವಿಷಯ ನಮ್ಮಿಂದಲ್ಲ, ಬೇರೆಯವರ ಬಾಯಿಂದ ತಿಳಿಯಿತು. ಪತ್ರ ಮೊದಲೇ ಬರೆಯಬೇಕಿತ್ತು. ಅದಕ್ಕೆ ಕ್ಷಮೆ ಕೇಳುತ್ತೇವೆ.

ಹದಿನೈದು ದಿನದಿಂದ ಎಲ್ಲರೂ ಕೇಳುತ್ತಿರುವುದು ಒಂದೇ ಮಾತು. "ಟೇಪ್ ಹಿಡಿಯೋಕೂ ದುಡ್ಡಾ? ಟೈರ್ ಮೇಲೆ ಸೈಜ್ ಬರೆದಿದೆ, ಓದಿ ಹೇಳಿದ್ರೆ ಸಾಕಲ್ವಾ?"

ಸಾಕಾಗುವುದಿಲ್ಲ. ಟೈರ್ ಮೇಲೆ ಇರುವುದು ಟೈರಿನ ಅಳತೆ ಮಾತ್ರ. ನಿಮ್ಮ ಗಾಡಿಯಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವುದು ಅಲ್ಲಿ ಇರುವುದಿಲ್ಲ. ನಾವು ಜಾಸ್ತಿ ಹಾಕುವ ಬದಲಾವಣೆಯನ್ನೇ ನೋಡಿ. 265/70 ಆರ್17 ತೆಗೆದು 285/70 ಆರ್17 ಹಾಕುವುದು. ಇದರಲ್ಲಿ 265 ಅಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 70 ಅಂದರೆ ಟೈರಿನ ಪಕ್ಕದ ಎತ್ತರ ಆ ಅಗಲದ ಶೇಕಡಾ 70, 17 ಅಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. ಮೊದಲನೆಯದರ ಎತ್ತರ ಸುಮಾರು 803 ಮಿ.ಮೀ., ಎರಡನೆಯದು 831. ಅಂದರೆ 28 ಮಿ.ಮೀ. ಎತ್ತರ, 20 ಮಿ.ಮೀ. ಅಗಲ ಜಾಸ್ತಿ. ಆಕ್ಸಲ್ ಇರುವುದು ಚಕ್ರದ ನಡುವೆ, ಹಾಗಾಗಿ ನೆಲದಿಂದ ಗಾಡಿ ಏಳುವುದು ಅದರ ಅರ್ಧ, 14 ಮಿ.ಮೀ. ಅಷ್ಟೇ. ಮೊದಲು ಸರಿಯಾಗಿ ತೋರಿಸುತ್ತಿದ್ದ ಸ್ಪೀಡೋಮೀಟರ್ ಈಗ 100 ತೋರಿಸುವಾಗ ಗಾಡಿ ನಿಜವಾಗಿ 103ರ ಮೇಲೆ ಓಡುತ್ತಿರುತ್ತದೆ. ಇಷ್ಟನ್ನು ಫೋನಿನಲ್ಲೇ ಲೆಕ್ಕ ಹಾಕಬಹುದು, ಒಪ್ಪುತ್ತೇವೆ.

ತೊಂದರೆ ಶುರುವಾಗುವುದು ರಿಮ್ಮಿನಿಂದ. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್‌ಗೆ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಗಾಡಿಯ ಭಾಗ) ತಾಗುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗಡೆಗೆ ಇದೆಯೋ ಅದೇ ಆಫ್‌ಸೆಟ್. ಈ ನಂಬರ್ ಕಡಿಮೆ ಆದಷ್ಟೂ ಚಕ್ರ ಹೊರಗೆ ಬರುತ್ತದೆ. ಗಾಡಿಯ ಜೊತೆ ಬಂದ ರಿಮ್ 7.5 ಇಂಚು ಅಗಲ, ಆಫ್‌ಸೆಟ್ 30 ಅಂತ ಇಟ್ಟುಕೊಳ್ಳಿ. ನೋಡುವುದಕ್ಕೆ ಚೆನ್ನಾಗಿದೆ ಅಂತ 9 ಇಂಚಿನ, ಆಫ್‌ಸೆಟ್ ಸೊನ್ನೆಯ ರಿಮ್ ಆರಿಸಿದಿರಿ. ಹೊರಗಿನ ಅಂಚು 49 ಮಿ.ಮೀ. ಹೊರಗೆ ಬಂತು. ಸುಮ್ನೆ ನಿಂತಿರುವಾಗ ಏನೂ ಗೊತ್ತಾಗುವುದಿಲ್ಲ. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಇನ್ನೂ ದೊಡ್ಡ ಸುತ್ತು ಹಾಕುತ್ತದೆ, ಹೋಗಿ ಫೆಂಡರ್ (ಚಕ್ರದ ಮೇಲಿನ ಬಾಡಿ ಭಾಗ) ಒಳಗಿನ ಪ್ಲಾಸ್ಟಿಕ್‌ಗೋ ಬಾಡಿಯನ್ನು ಚಾಸಿಗೆ ಹಿಡಿದಿಡುವ ಬಾಡಿ ಮೌಂಟ್‌ಗೋ ತಗಲುತ್ತದೆ. ಇದು ಹೊರಗಿನ ಕಥೆ. ಆಫ್‌ಸೆಟ್ ಜಾಸ್ತಿ ಇದ್ದರೆ ಒಳಗಡೆ ಸಸ್ಪೆನ್ಷನ್ ಆರ್ಮ್‌ಗೆ ಉಜ್ಜುತ್ತದೆ. ಒಂದೇ ಮಾಡೆಲಿನ ಎರಡು ಗಾಡಿಗಳಲ್ಲೂ ಈ ಜಾಗ ಒಂದೇ ಇರುವುದಿಲ್ಲ. ಒಂದರ ಸ್ಪ್ರಿಂಗ್ ಕುಸಿದಿರುತ್ತದೆ. ಇನ್ನೊಂದಕ್ಕೆ ಗಾಡಿ ಎತ್ತರಿಸುವ ಲಿಫ್ಟ್ ಹಾಕಿರುತ್ತಾರೆ. ಮತ್ತೊಂದರ ಮುಂದೆ ಭಾರದ ಬಂಪರ್ ಮತ್ತು ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಇರುತ್ತದೆ. ಇದನ್ನೆಲ್ಲ ಫೋನಿನಲ್ಲಿ ನೋಡುವುದು ಹೇಗೆ?

ಹಾಗಾಗಿ ಟೇಪ್ ಹಿಡಿಯುವುದು ನಮ್ಮ ಕೆಲಸದ ತೀರಾ ಸಣ್ಣ ಭಾಗ. ಒಂದು ಚಕ್ರ ಹಾಕಿ, ಅದನ್ನು ಎತ್ತರದ ದಿಮ್ಮಿ ಮೇಲೆ ಹತ್ತಿಸಿ, ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡಿರುವಾಗ ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡುತ್ತೇವೆ. ರಿವರ್ಸ್‌ನಲ್ಲೂ ನೋಡುತ್ತೇವೆ, ಮುಂದೆ ಹೋಗುವಾಗ ತಗಲದ ಟೈರ್ ಹಿಂದೆ ಬರುವಾಗ ತಗಲುವುದುಂಟು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ಗೂ ರಿಮ್ಮಿಗೂ ನಡುವೆ ಬೆರಳು ಹೋಗುತ್ತದಾ ಅಂತ ನೋಡುತ್ತೇವೆ, ಮುಖ್ಯವಾಗಿ 17 ಇಂಚಿನಿಂದ 16ಕ್ಕೆ ಇಳಿಯುವವರಿಗೆ. ಇಬ್ಬರು ಹುಡುಗರಿಗೆ ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಬೇರೆ ಗಾಡಿ ನಿಲ್ಲಿಸುವುದಕ್ಕೆ ಆಗುವುದಿಲ್ಲ. ಹಾಕಿ ನೋಡುವುದಕ್ಕೆ ಅಂತಲೇ ಬೇರೆ ಬೇರೆ ಸೈಜಿನ ಚಕ್ರಗಳನ್ನು ನಮ್ಮ ದುಡ್ಡಿನಲ್ಲಿ ತಂದು ಇಟ್ಟಿದ್ದೇವೆ. ಅವನ್ನು ಯಾವತ್ತೂ ಮಾರುವುದಕ್ಕಾಗುವುದಿಲ್ಲ.

ಈಗ ಖರ್ಚಿನ ಮಾತು. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆವು. ಆದರೆ "ಇವರು ರೇಟ್ ಏರಿಸೋಕೆ ದಾರಿ ಹುಡುಕಿದ್ದಾರೆ" ಅನ್ನುವ ಮಾತು ನಮಗೆ ನೋವು ತಂದಿದೆ. ಟೈರಿನ ಬೆಲೆ ನಾವು ಕಟ್ಟುವುದಲ್ಲ. 285/70 ಆರ್17 ಅಳತೆಯ ಗಟ್ಟಿ ಮಡ್ ಟೈರ್ (ಕೆಸರಿಗೆ ಅಂತ ಮಾಡಿದ ಟೈರ್) ಒಂದೇ 25 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಐದು ಟೈರ್, ಐದು ರಿಮ್ ಸಾಗಿಸುವ ಬಾಡಿಗೆ ತೂಕಕ್ಕೆ ತಕ್ಕ ಹಾಗೆ ಬೀಳುತ್ತದೆ. ಫಿಟ್ ಆಗದೆ ವಾಪಸ್ ಬಂದರೆ ಅದೇ ಬಾಡಿಗೆ ಇನ್ನೊಂದು ಸಲ. ಒಮ್ಮೆ ರಿಮ್ಮಿಗೆ ಹತ್ತಿಸಿದ ಟೈರನ್ನು ಹೊಸದು ಅಂತ ಯಾರೂ ತೆಗೆದುಕೊಳ್ಳುವುದಿಲ್ಲ. ಒಂದೇ ಸಲ ನಟ್ ಬಿಗಿದರೂ ಅಲಾಯ್ ರಿಮ್ಮಿನ ತೂತಿನ ಸುತ್ತ ಗುರುತು ಬೀಳುತ್ತದೆ. ಫೋನಿನಲ್ಲಿ ಹೇಳಿದ ಸೈಜ್ ತಪ್ಪಾಗಿ ವಾಪಸ್ ಬಂದದ್ದು ಗೋಡೆಗೆ ಒರಗಿ ಹಾಗೇ ಇದೆ. ಆ ನಷ್ಟವನ್ನು ಇಷ್ಟು ದಿನ ನಾವೇ ನುಂಗಿಕೊಂಡೆವು. ಎಲ್ಲರ ಬಿಲ್ಲಿನ ಮೇಲೂ ಸ್ವಲ್ಪ ಸ್ವಲ್ಪ ಹಂಚಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸೈಜ್ ಹೇಳಿದವರು ಇನ್ನೊಬ್ಬರ ತಪ್ಪಿಗೆ ಯಾಕೆ ದುಡ್ಡು ಕೊಡಬೇಕು ಅಂತ ಹಾಗೆ ಮಾಡಲಿಲ್ಲ.

ಆದರೂ ದುಡ್ಡಿನ ನಷ್ಟದಿಂದ ಈ ತೀರ್ಮಾನಕ್ಕೆ ಬಂದಿಲ್ಲ. ನಮ್ಮ ಹಳೆಯ ಗ್ರಾಹಕರೊಬ್ಬರು ಫೋನಿನಲ್ಲೇ ಆರ್ಡರ್ ಕೊಟ್ಟಿದ್ದರು. ಕಳಿಸಿದೆವು. ಅವರೇ ಹಾಕಿಸಿಕೊಂಡರು. ಹದಿನೈದು ದಿನ ಖಾಲಿ ಗಾಡಿ ಓಡಿಸಿದಾಗ ಒಂದು ಸದ್ದೂ ಇರಲಿಲ್ಲ. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು, ಸಾಮಾನು ತುಂಬಿಕೊಂಡು ಬೆಟ್ಟದ ದಾರಿ ಹತ್ತಿದ್ದಾರೆ. ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಇನ್ನೊಂದು ಮೇಲೆ ಒತ್ತಿಕೊಂಡು, ಫೆಂಡರ್ ಒಳಗಿನ ತಗಡಿನ ಅಂಚು ಟೈರಿನ ಭುಜವನ್ನು, ಅಂದರೆ ನೆಲಕ್ಕೆ ತಾಗುವ ಮುಖ ಪಕ್ಕಕ್ಕೆ ತಿರುಗುವ ಅಂಚನ್ನು, ಕೊಯ್ದಿದೆ. ಯಾರಿಗೂ ಏನೂ ಆಗಲಿಲ್ಲ. ಅವರು ಸಿಟ್ಟಿನಿಂದ ಬಂದರು, ಬರುವುದು ನ್ಯಾಯವೇ. ಫೋನಿನಲ್ಲಿ ನಾವು ಸೈಜ್ ಕೇಳಿದ್ದೆವು, ಮಾಡೆಲ್ ಕೇಳಿದ್ದೆವು. ಎಷ್ಟು ಭಾರ ಹಾಕುತ್ತೀರಿ, ಸ್ಪ್ರಿಂಗ್ ಹೇಗಿದೆ ಅಂತ ಕೇಳಲಿಲ್ಲ. ತಪ್ಪು ನಮ್ಮದು. ಟೈರ್ ಬದಲಿಸಿ ಕೊಟ್ಟೆವು. ಆದರೆ ಆ ಕೊಯ್ದ ಟೈರನ್ನು ನೋಡಿದ ಮೇಲೆ ಫೋನ್ ಆರ್ಡರ್ ಬರೆದುಕೊಳ್ಳುವುದಕ್ಕೆ ನಮ್ಮ ಕೈ ಬರುತ್ತಿಲ್ಲ.

ಇನ್ನು ಕೆಲವು ಕೆಲಸಗಳನ್ನು ದುಡ್ಡು ಕೊಟ್ಟರೂ ಮಾಡುವುದಿಲ್ಲ. "ಆರು ಬೋಲ್ಟ್, 139.7 ಪಿಸಿಡಿ, ನನ್ನದೂ ಅದೇ, ಹಾಕಿ ಬಿಡಿ" ಅನ್ನುತ್ತಾರೆ. ಪಿಸಿಡಿ ಅಂದರೆ ಎಲ್ಲ ಬೋಲ್ಟುಗಳ ನಡುಬಿಂದುವಿನ ಮೇಲೆ ಎಳೆದ ವೃತ್ತದ ವ್ಯಾಸ, ಮಿ.ಮೀ.ನಲ್ಲಿ. ಟೊಯೊಟಾ ಹೈಲಕ್ಸ್‌ಗೂ ಫೋರ್ಡ್ ರೇಂಜರ್‌ಗೂ ಪಿಸಿಡಿ ಒಂದೇ, ನಿಜ. ಆದರೆ ಹೈಲಕ್ಸ್ ರಿಮ್ಮಿನ ನಡುವಿನ ತೂತು 106.1 ಮಿ.ಮೀ., ರೇಂಜರ್‌ನದು 93.1. ರೇಂಜರ್ ರಿಮ್ ಹೈಲಕ್ಸ್ ಹಬ್ ಮೇಲೆ ಕೂರುವುದೇ ಇಲ್ಲ. ಹೈಲಕ್ಸ್ ರಿಮ್ ರೇಂಜರ್‌ಗೆ ಹೋಗುತ್ತದೆ, ಆದರೆ ಸುತ್ತಲೂ ಸಂದು ಉಳಿಯುತ್ತದೆ. ಆ ಸಂದು ತುಂಬುವ, ಅಳತೆಗೆ ಸರಿಯಾದ ಹಬ್ ರಿಂಗ್ ಇಲ್ಲದೆ ಹಾಕಿದರೆ ರಿಮ್ ನಡುವಿಗೆ ಸರಿಯಾಗಿ ಕೂರದೆ ಸ್ಟೀರಿಂಗ್ ನಡುಗುವುದು ಹೆಚ್ಚು. ಅದನ್ನು ಬ್ಯಾಲೆನ್ಸಿಂಗ್ ತಪ್ಪು ಅಂತ ನಮ್ಮ ಮೇಲೆ ಹಾಕುತ್ತಾರೆ.

ನಟ್ ಕೂಡ ಹಾಗೇ. ರಿಮ್ಮಿನ ತೂತು ಇಳಿಜಾರಾಗಿದ್ದರೆ ಇಳಿಜಾರು ನಟ್, ಚಪ್ಪಟೆ ಇದ್ದರೆ ವಾಷರ್ ಇರುವ ಚಪ್ಪಟೆ ನಟ್. ಹಳೆಯ ನಟ್ಟನ್ನೇ ಹೊಸ ರಿಮ್ಮಿಗೆ ಹಾಕಿ ಅನ್ನುವವರಿಗೆ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇವೆ. ರಿಮ್ಮಿನ ಹಿಂದೆ ತೂಕದ ಮಿತಿ ಅಚ್ಚಾಗಿರಬೇಕು, ಅದು ಭಾರ ಜಾಸ್ತಿ ಬೀಳುವ ಆಕ್ಸಲ್‌ನ ಮಿತಿಯ ಅರ್ಧಕ್ಕಿಂತ ಕಡಿಮೆ ಇರಬಾರದು. ಟೈರಿನ ಲೋಡ್ ಇಂಡೆಕ್ಸ್ ಗಾಡಿಯ ಬಾಗಿಲಿನ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಕೆಳಗೆ ಇಳಿಯಬಾರದು. 115 ಅಂದರೆ ಒಂದು ಟೈರ್ 1215 ಕೆ.ಜಿ. ಹೊರುತ್ತದೆ, 121 ಅಂದರೆ 1450. ಈ ವಿಷಯದಲ್ಲಿ ಚೌಕಾಸಿ ಬೇಡ.

ನಾಲ್ಕು ಚಕ್ರ ದೊಡ್ಡದು ಹಾಕಿಸಿ, ಸ್ಟೆಪ್ನಿ ಹಳೆಯದೇ ಇರಲಿ ಅನ್ನುವವರು ಬಹಳ. ಖರ್ಚು ಉಳಿಸುವ ಆಸೆ ನಮಗೂ ಅರ್ಥವಾಗುತ್ತದೆ. ಆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತಿರುವಾಗ, ಸ್ಟೆಪ್ನಿ ಹಾಕಿದ ಒಂದು ಚಕ್ರ ಮಾತ್ರ ಚಿಕ್ಕದಿದ್ದರೆ ಗೇರಿನ ಭಾಗಗಳ ಮೇಲೆ ಸುಮ್ಮನೆ ಎಳೆತ ಬೀಳುತ್ತದೆ. ಹಾಗಾಗಿ ಐದೂ ಒಂದೇ ಸೈಜ್ ಅಂತಲೇ ಹೇಳುತ್ತೇವೆ. ಹೆಚ್ಚು ಮಾರುವ ಆಸೆಗೆ ಹೇಳುತ್ತಿಲ್ಲ. ಐದರ ಜಾಗವನ್ನೂ ಆಗಾಗ ಅದಲು ಬದಲು ಮಾಡಿ ಓಡಿಸಿದರೆ ಸವೆತವೂ ಹಂಚಿಹೋಗುತ್ತದೆ.

ಮಡ್ ಟೈರ್ ಕೇಳಿದರೆ ಆಲ್ ಟೆರೇನ್ (ಟಾರ್ ರಸ್ತೆಗೂ ಮಣ್ಣಿನ ದಾರಿಗೂ ಆಗುವ ಟೈರ್) ತೋರಿಸುತ್ತೀರಿ ಅನ್ನುವ ದೂರಿಗೆ ಉತ್ತರ ಚಿಕ್ಕದು. ನೀವು ಜಾಸ್ತಿ ಓಡಿಸುವುದು ಟಾರ್ ರಸ್ತೆ ಅಂತಾದರೆ ಮಡ್ ಟೈರಿನ ಸದ್ದು, ಒದ್ದೆ ರಸ್ತೆಯಲ್ಲಿ ಅದರ ಹಿಡಿತ, ಎರಡೂ ನಿಮಗೆ ಬೇಜಾರು ತರಿಸುತ್ತವೆ. ನಿಜವಾಗಿ ಕೆಸರಿಗೆ ಇಳಿಯುವವರಿಗೆ ಖುಷಿಯಿಂದ ಕೊಡುತ್ತೇವೆ.

ಬರುವಾಗ ಗಾಡಿಯನ್ನು ದಿನವೂ ಓಡಿಸುವ ಹಾಗೇ ತನ್ನಿ. ಮೇಲಿನ ಕ್ಯಾರಿಯರ್, ಹಿಂದಿನ ಡಬ್ಬ, ವಿಂಚ್, ಯಾವುದನ್ನೂ ಬಿಚ್ಚಬೇಡಿ. ರಿಮ್ ಬೇರೆ ಕಡೆ ಕೊಂಡಿದ್ದರೂ ತನ್ನಿ, ಮುಖ ಸಿಂಡರಿಸದೆ ಅಳೆದು ಕೊಡುತ್ತೇವೆ. ಫಿಟ್ ಆಗುವುದಿಲ್ಲ ಅಂತಾದರೆ ಯಾವ ಜಾಗದಲ್ಲಿ ತಗಲುತ್ತದೆ ಅಂತ ಕೈಯಿಂದ ಮುಟ್ಟಿಸಿ ತೋರಿಸುತ್ತೇವೆ. ಆ ಅಳತೆ ಚೀಟಿ ನಿಮ್ಮದು, ಅದನ್ನು ಹಿಡಿದು ಎಲ್ಲಿ ಬೇಕಾದರೂ ಕೊಳ್ಳಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹೊಸ ಶುಲ್ಕ ಇಲ್ಲ, ಆದರೆ ಗಾಡಿ ತೋರಿಸಲೇಬೇಕು. ಹಿಂದೆ ಫೋನಿನಲ್ಲಿ ಹೇಳಿ ತರಿಸಿಕೊಂಡವರೂ ದಯವಿಟ್ಟು ಒಮ್ಮೆ ಬನ್ನಿ. ನಿಮ್ಮಿಂದ ಏನೂ ತೆಗೆದುಕೊಳ್ಳುವುದಿಲ್ಲ. ನಟ್ ಮತ್ತೆ ಬಿಗಿದು ನೋಡುತ್ತೇವೆ. ಹೊಸ ರಿಮ್ ಹಾಕಿದ ಮೇಲೆ 50ರಿಂದ 100 ಕಿ.ಮೀ. ಒಳಗೆ ಒಂದು ಸಲ ಬಿಗಿಯಲೇಬೇಕು, ಅದನ್ನು ಎಷ್ಟೋ ಜನ ಮರೆತಿದ್ದೀರಿ. ಬರುವುದು ತಡವಾದರೆ ಇವತ್ತೇ ಒಂದು ಕೆಲಸ ಮಾಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ನಿಲ್ಲಿಸಿ, ಮುಂದಿನ ಟೈರಿನ ಒಳಗಿನ ಪಕ್ಕವನ್ನೂ ಭುಜವನ್ನೂ ಟಾರ್ಚ್ ಹಾಕಿ ನೋಡಿ. ರಬ್ಬರ್ ಒಂದು ಕಡೆ ಹೊಳೆಯುತ್ತಿದ್ದರೆ, ಅಥವಾ ಗೆರೆ ಬಿದ್ದಿದ್ದರೆ, ಭಾರ ಹಾಕಿಕೊಂಡು ಎಲ್ಲಿಗೂ ಹೋಗಬೇಡಿ. ಮೊದಲು ನಮಗೆ ಫೋನ್ ಮಾಡಿ. ಅದಕ್ಕೆ ನಮ್ಮ ಫೋನ್ ಯಾವತ್ತೂ ತೆರೆದೇ ಇರುತ್ತದೆ.

ನಿಮ್ಮವರೇ ಆದ,
ಅಂಗಡಿಯ ಎಲ್ಲರೂ